ಬಂಕಾಪುರದ ಅರವತ್ತು ಕಂಬದ ಗುಡಿಯೂ ಅದನ್ನು ಕಂಡ ಕಲಾವಿದರೂ

ಶಿಲೆಯು ತಾನಾಗಿ ಮಾತನಾಡುವುದಿಲ್ಲ. ಕಟೆದ ಕೈಯೂ, ಕಟೆದುದನ್ನು ಕಾಣುವ ಕಣ್ಣೂ ಕೂಡಿದಲ್ಲಿ ಮಾತ್ರ ಅದಕ್ಕೆ ವಾಣಿ ಬರುವುದು. ನಮ್ಮ ಕನ್ನಡನಾಡಿನಲ್ಲಿ ಕಟೆಯುವ ಕೈಗಳಿಗೆ ಎಂದೂ ಕೊರತೆಯಿರಲಿಲ್ಲ. ಕಾಣುವ ಕಣ್ಣುಗಳಿಗೆ ಮಾತ್ರ ಆಗಾಗ ಬರವುಂಟಾಯಿತು. ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯೊಳಗಿರುವ ನಗರೇಶ್ವರ ದೇವಾಲಯವು ಇದಕ್ಕೆ ತಕ್ಕ ನಿದರ್ಶನವಾಗಿರುತ್ತದೆ.

ಬಂಕಾಪುರವು ಸಾಮಾನ್ಯವಾದ ಊರಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ದಂಡನಾಯಕನಾದ ಬಂಕೆಯನ ಹೆಸರಿನಿಂದ ಈ ಪಟ್ಟಣವು ಪ್ರಸಿದ್ಧಿಗೆ ಬಂದಿತು. ಅವನ ಮಗನಾದ ಲೋಕಾದಿತ್ಯನು ಇಲ್ಲಿಂದಲೇ ಬನವಾಸಿ ನಾಡನ್ನು ಆಳುತ್ತಿದ್ದನೆಂಬುದು ಕ್ರಿ.ಶ. 898ರ ಕಾಲಕ್ಕೆ ಸೇರಿದ ಉತ್ತರಪುರಾಣದ ಪ್ರಶಸ್ತಿಯಿಂದ ತಿಳಿದುಬರುತ್ತದೆ. ಮುಂದೆ ಚಾಲುಕ್ಯರೂ, ಕದಂಬರೂ, ಹೊಯ್ಸಳರೂ ಈ ನೆಲೆಗಾಗಿ ಹೋರಾಡಿದರು. 16ನೆಯ ಶತಮಾನದಲ್ಲಿ ಅದು ವಿಜಾಪುರದ ಆದಿಲಶಾಹಿಯ ವಶವಾಯಿತು. ಇಷ್ಟೆಲ್ಲ ರಾಜ್ಯಗಳು ಬಂದು ಹೋದರೂ, ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಶೈಲಿಯಲ್ಲಿ ಕಟ್ಟಿದ ಈ ಶಿವಾಲಯವು ನಿಂತೇ ಇರುವುದು.

ಜನರು ಇದನ್ನು ಅರವತ್ತು ಕಂಬದ ಗುಡಿಯೆಂದು ಕರೆಯುವರು. ಗುಡಿಯ ಶಿಖರವು ಈಗ ಉಳಿದಿಲ್ಲ. ಅದರ ವೈಭವವೆಲ್ಲವೂ ವಿಶಾಲವಾದ ಮಂಟಪದಲ್ಲಿರುತ್ತದೆ. ಇಲ್ಲಿನ ಕಂಬಗಳ ಶಿಲೆಯು ಬಳಪದ ಕಲ್ಲಿನ ಜಾತಿಯದು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿ ಬಿಸಿಲುಗಳಿಗೆ ಕ್ರಮೇಣ ಗಟ್ಟಿಯಾಗುವುದು. ಆದಕಾರಣವೇ ಶಿಲ್ಪಿಗಳು ಅದನ್ನು ತಿರುಗಣೆಗೆ ಹಚ್ಚಿ, ಕಂಚಿನ ಪಾತ್ರೆಯಂತೆ ನುಣುಪಾಗಿ ಕಡೆದಿರುವರು. ಬಳೆಯ ಮೇಲೆ ಬಳೆಯಿಟ್ಟಂತೆ, ಗಂಟೆಯನ್ನು ಬೋರಲಿಟ್ಟಂತೆ ತೋರುವ ಆ ಕಂಬಗಳ ಮೇಲೆ ಬೆಳಕು ಜಾರುವುದನ್ನು ಕಂಡವರಿಗೆ, ಇವು ಕಲ್ಲೋ ಲೋಹವೋ ಎಂಬ ಸಂದೇಹವುಂಟಾಗದೆ ಇರದು.

ಇಂಥ ಶಿಲಾಲಯಗಳನ್ನು ಚಿತ್ರದಲ್ಲಿ ಹಿಡಿದಿಡಬೇಕೆಂಬ ಪ್ರಯತ್ನವು ಆಗಿನ ಧಾರವಾಡ ಜಿಲ್ಲೆಯಲ್ಲಿ 19ನೆಯ ಶತಮಾನದ ಮಧ್ಯದಲ್ಲಿ ಆರಂಭವಾಯಿತು. 1855ರಲ್ಲಿ ಮುಂಬಯಿ ಸರಕಾರವು ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಛಾಯಾಚಿತ್ರಕಾರನನ್ನಾಗಿ ನೇಮಿಸಿತು. ಅವನ ತರುವಾಯ ಪಿಗೂ ಎಂಬ ವೈದ್ಯನು ಈ ಕಾರ್ಯವನ್ನು ಮುಂದುವರಿಸಿದನು. ಇವರ ಚಿತ್ರಗಳನ್ನೊಳಗೊಂಡು, ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ಬೃಹದ್ಗ್ರಂಥವು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ನಮ್ಮ ಗುಡಿಗಳ ರೂಪವು ಕಡಲಾಚೆಯವರ ಕೈಸೇರಿತು. ಅವುಗಳ ನೆರಳಿನಲ್ಲಿಯೇ ಬಾಳಿದ ನಮ್ಮವರಲ್ಲಿ ಬಹುಮಂದಿಗೆ ಆ ಗ್ರಂಥದ ಸುದ್ದಿಯೂ ಮುಟ್ಟಲಿಲ್ಲ.

ಬಂಕಾಪುರದ ಗುಡಿಯನ್ನು ಸಾವಧಾನವಾಗಿ ಕಂಡವರಲ್ಲಿ ಹೆನ್ರಿ ಕಸಿನ್ಸ್ ಎಂಬವರು ಮುಖ್ಯರು. ಇವರು ಪಶ್ಚಿಮ ವಿಭಾಗದ ಪುರಾತತ್ತ್ವ ಇಲಾಖೆಯ ಅಧಿಕಾರಿಗಳಾಗಿದ್ದು, ಕ್ಯಾಮರಾವನ್ನೂ ನಕ್ಷೆಯ ಲೇಖನಿಯನ್ನೂ ಸಮಾನ ಕೌಶಲದಿಂದ ಬಳಸಬಲ್ಲವರಾಗಿದ್ದರು. ಆ ಕಾಲದ ಛಾಯಾಗ್ರಹಣವು ಸುಲಭವಾದ ಕಾರ್ಯವಲ್ಲ. ಭಾರವಾದ ಮರದ ಪೆಟ್ಟಿಗೆ, ಮುಕ್ಕಾಲಿ, ಒಡೆಯುವ ಗಾಜಿನ ಫಲಕಗಳು ಇವುಗಳನ್ನು ಹಳ್ಳಿಯ ದಾರಿಯಲ್ಲಿ ಸಾಗಿಸಬೇಕು. ಕತ್ತಲೆಗವಿದ ಮಂಟಪದಲ್ಲಿ ಬೆಳಕಿಗಾಗಿ ಕಾಯಬೇಕು. 1910ರಲ್ಲಿ ನಿವೃತ್ತರಾದ ಇವರು, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತ ತಮ್ಮ ಗ್ರಂಥವನ್ನು 1926ರಲ್ಲಿ ಹೊರತಂದರು. ಲಕ್ಕುಂಡಿ, ಹಾನಗಲ್ಲು, ಹಾವೇರಿ, ಗಳಗನಾಥಗಳ ಸಾಲಿನಲ್ಲಿ ಬಂಕಾಪುರಕ್ಕೂ ಅದರಲ್ಲಿ ಸ್ಥಾನ ದೊರೆಯಿತು.

ಕಲಾವಿದನ ಇಂಥ ಸಂದರ್ಶನದಿಂದ ಗುಡಿಗೆ ಏನು ಲಾಭವೆಂದು ಕೆಲವರು ಕೇಳಬಹುದು. ಯಾತ್ರಿಕನು ಕಂಬಗಳ ನಡುವೆ ಹಾದು, ಗರ್ಭಗುಡಿಗೆ ಕೈಮುಗಿದು ಹಿಂದಿರುಗುವನು. ಕಲಾವಿದನಾದರೋ ಒಂದೊಂದು ಕಂಬದ ಮುಂದೆಯೂ ನಿಲ್ಲುವನು. ಅವನು ಗುಡಿಯಿಂದ ಏನನ್ನೂ ಒಯ್ಯದೆ ಅದರ ಸಾಕ್ಷಿಯನ್ನು ಮಾತ್ರ ಬರೆದಿಡುವನು. ಮುಂದೆ ಒಂದು ವಿಗ್ರಹವು ಭಿನ್ನವಾದರೆ, ಒಂದು ಕಲ್ಲು ಕಾಣೆಯಾದರೆ, ಮೊದಲು ಅದು ಹೇಗಿದ್ದಿತೆಂಬುದನ್ನು ಹೇಳಬಲ್ಲುದು ಆ ಹಳೆಯ ಚಿತ್ರವೊಂದೇ.

ಇಂದು ಸಂರಕ್ಷಿತವಾಗಿರುವ ದೊಡ್ಡ ಗುಡಿಗಳ ಮಾತು ಹಾಗಿರಲಿ. ನಮ್ಮ ಹಳ್ಳಿಗಳ ಸಣ್ಣ ಶಿವಾಲಯಗಳ ಗತಿಯೇನು? ಭಕ್ತಿಯಿಂದಲೇ ಬಳಿದ ಸುಣ್ಣ ಬಣ್ಣಗಳಲ್ಲಿ ಉಳಿಯ ಗೆರೆಗಳು ಮುಚ್ಚಿಹೋಗುತ್ತಿವೆ. ಶಾಸನದ ಕಲ್ಲುಗಳು ಮೆಟ್ಟಿಲುಗಳಾಗಿಯೂ ಬಟ್ಟೆ ಒಗೆಯುವ ಬಂಡೆಗಳಾಗಿಯೂ ಸವೆದಿವೆ. ಇದು ದ್ವೇಷದಿಂದಾದ ಹಾನಿಯಲ್ಲ, ನೋಡದೆ ಇದ್ದುದರಿಂದಾದ ಹಾನಿ. ಹಿಂದೆ ಕಸಿನ್ಸರಂಥವರು ಪೆಟ್ಟಿಗೆ ಹೊತ್ತು ತಿಂಗಳುಗಟ್ಟಲೆ ಅಲೆದು ಮಾಡಿದ ಕೆಲಸವನ್ನು ಈಗ ಪ್ರತಿಯೊಬ್ಬನೂ ತನ್ನ ಕೈಯೊಳಗಿನ ಮೊಬೈಲಿನಿಂದ ಮಾಡಬಹುದಾಗಿದೆ.

ಆದುದರಿಂದ ಶಿಷ್ಯವರ್ಗದವರಲ್ಲಿ ನಮ್ಮ ಬಿನ್ನಹವಿಷ್ಟೆ: ತಮ್ಮ ಊರಿನ ಹಳೆಯ ಗುಡಿಯ ಮುಂದೆ ಒಂದು ಘಳಿಗೆ ಕಲಾವಿದನಂತೆ ನಿಲ್ಲಿರಿ. ಅದರ ಕಂಬ, ಬಾಗಿಲವಾಡ, ಶಾಸನಗಳ ಚಿತ್ರಗಳನ್ನು ತೆಗೆದು, ದಿನಾಂಕವನ್ನು ಬರೆದು ಜೋಪಾನವಾಗಿಡಿರಿ. ಸುಣ್ಣದ ಕುಂಚವನ್ನು ಎತ್ತುವ ಮೊದಲು ಬಲ್ಲವರನ್ನು ಕೇಳಿರಿ. ಹೆಸರನ್ನೂ ಬಯಸದೆ ಕಟೆದು ಹೋದ ಆ ರೂವಾರಿಗಳ ಋಣವನ್ನು ತೀರಿಸಲು ನಮಗುಳಿದಿರುವ ದಾರಿಯು ಇದೇ ಆಗಿರುತ್ತದೆ.