ಅಧಿಕ ರಕ್ತದೊತ್ತಡ: ಭಾರತದ ವಯಸ್ಕರಲ್ಲಿ ವ್ಯಾಪ್ತಿ ಮತ್ತು ಹತೋಟಿ

ಅಪಧಮನಿಗಳಲ್ಲಿ ರಕ್ತದ ಒತ್ತಡ 140/90 ಮಿ.ಮೀ. ಪಾದರಸದ ಮಟ್ಟವನ್ನು ಮುಟ್ಟಿ ಅಥವಾ ಮೀರಿ ನಿಲ್ಲುವ ಸ್ಥಿತಿ. ಎರಡರಲ್ಲಿ ಒಂದು ಅಂಕಿ ಮೀರಿದರೂ ಸಾಕು. ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡ ವೈಫಲ್ಯಗಳಿಗೆ ಇದು ದೊಡ್ಡ ಕಾರಣ. ಬಹುತೇಕರಲ್ಲಿ ಹೊರಲಕ್ಷಣಗಳಿಲ್ಲದ ಕಾರಣ ಅಳೆದು ನೋಡದ ಹೊರತು ಗೊತ್ತಾಗುವುದಿಲ್ಲ. 2017ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಘಟನೆಗಳು ಮಿತಿಯನ್ನು 130/80ಕ್ಕೆ ಇಳಿಸಿದವು. ಇಲ್ಲಿ ಹೇಳುವ ಭಾರತದ ಅಂಕಿಗಳು 140/90ರ ಲೆಕ್ಕದವು.

ವ್ಯಾಪ್ತಿ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15 ವರ್ಷ ದಾಟಿದ ಮಹಿಳೆಯರಲ್ಲಿ ಶೇ. 21, ಪುರುಷರಲ್ಲಿ ಶೇ. 24 ಮಂದಿಗೆ ಈ ತೊಂದರೆಯಿದೆ. ಕರ್ನಾಟಕದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನ 20 ದಾಟಿದವರಲ್ಲಿ ಶೇ. 35.5 ಎಂದಿತು. ಇದನ್ನು ದಿಢೀರ್ ಏರಿಕೆಯೆಂದು ಓದಬಾರದು: ಆ ಅಧ್ಯಯನದ ಕ್ಷೇತ್ರಕಾರ್ಯ 2008ರಲ್ಲೇ ಶುರುವಾಗಿ 2020ರವರೆಗೆ ನಡೆದದ್ದು. ವಯೋಮಿತಿಯೂ ಅಳತೆಯ ಕ್ರಮವೂ ಬೇರೆಯಾದರೆ ಅಂಕಿ ಬೇರೆಯಾಗುವುದು ಸಹಜ.

ಅಳತೆಯ ಸಮಸ್ಯೆ

1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನು ಬಳಕೆಗೆ ತಂದ. ಅದರ ಅಗಲ ಸುಮಾರು 5 ಸೆಂ.ಮೀ. ಮಾತ್ರ. ಕಿರಿದಾದ ಪಟ್ಟಿ ಒತ್ತಡವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆಂದು 1901ರಲ್ಲಿ ಫಾನ್ ರೆಕ್ಲಿಂಗ್‌ಹೌಸೆನ್ ತೋರಿಸಿ ಅಗಲ ಹೆಚ್ಚಿಸಿದ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಸ್ಟೆತಾಸ್ಕೋಪಿನಲ್ಲಿ ಕೇಳುವ ಸದ್ದುಗಳಿಂದ ಮೇಲಿನ, ಕೆಳಗಿನ ಎರಡೂ ಅಂಕಿಗಳನ್ನು ಗುರುತಿಸುವ ಕ್ರಮ ಕೊಟ್ಟ. ನೂರಿಪ್ಪತ್ತು ವರ್ಷಗಳಾದರೂ ಪಟ್ಟಿಯ ತಕರಾರು ತೀರಿಲ್ಲ. ದಪ್ಪ ತೋಳಿಗೆ ಸಾಮಾನ್ಯ ಅಳತೆಯ ಪಟ್ಟಿ ಸುತ್ತಿದರೆ ಇಲ್ಲದ ಬಿ.ಪಿ. ಕಾಣಿಸಬಹುದು. ಐದು ನಿಮಿಷ ಸುಮ್ಮನೆ ಕೂರಿಸದೆ, ಮಾತಾಡಿಸುತ್ತಲೇ ಅಳೆದರೂ ಹಾಗೆಯೇ. ಪಾದರಸದ ಉಪಕರಣದಲ್ಲಿ ಇನ್ನೊಂದು ತೊಡಕು: ಓದುವವರು ಸೊನ್ನೆಯಲ್ಲಿ ಮುಗಿಯುವ ಅಂಕಿಗೆ ಒಲಿಯುತ್ತಾರೆ. 138 ಅನ್ನು 140 ಎಂದು ಬರೆದ ಕ್ಷಣ ಒಬ್ಬ ಆರೋಗ್ಯವಂತ ರೋಗಿಗಳ ಪಟ್ಟಿಗೆ ಸೇರುತ್ತಾನೆ. ಸಮೀಕ್ಷೆಗಳು ಡಿಜಿಟಲ್ ಯಂತ್ರಕ್ಕೆ ಹೊರಳಿದ ಮೇಲೆ ಈ ದೋಷ ತಗ್ಗಿದೆ.

ಹತೋಟಿ

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಅಂದಾಜಿನಂತೆ 30ರಿಂದ 79 ವಯಸ್ಸಿನ ಸುಮಾರು 18.8 ಕೋಟಿ ಭಾರತೀಯರಿಗೆ ಅಧಿಕ ರಕ್ತದೊತ್ತಡವಿದೆ. ಅವರಲ್ಲಿ ರೋಗ ಪತ್ತೆಯಾದವರು ಶೇ. 37, ಔಷಧಿ ತೆಗೆದುಕೊಳ್ಳುವವರು ಶೇ. 30, ಹತೋಟಿಯಲ್ಲಿರುವವರು ಶೇ. 15. ಪತ್ತೆಯಾದವರಲ್ಲಿ ಐವರಲ್ಲಿ ನಾಲ್ವರು ಮಾತ್ರೆ ಶುರುಮಾಡುತ್ತಾರೆ, ಹಾಗಾಗಿ ದೊಡ್ಡ ಸೋರಿಕೆ ಇರುವುದು ಪತ್ತೆಯ ಹಂತದಲ್ಲೇ.

2017ರಲ್ಲಿ ಐದು ರಾಜ್ಯಗಳಲ್ಲಿ ಆರಂಭವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಆಮ್ಲೊಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್‌ಥಾಲಿಡೋನ್ ಎಂಬ ಕೆಲವೇ ಅಗ್ಗದ ಔಷಧಿಗಳ ಸರಳ ಕ್ರಮವನ್ನು ಸರ್ಕಾರಿ ಆಸ್ಪತ್ರೆಗಳಿಗೆ ತಂದಿತು. ಅಲ್ಲಿ ಚಿಕಿತ್ಸೆಗೆ ಬರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಒತ್ತಡ ಹತೋಟಿಯಲ್ಲಿದೆ. ಇದನ್ನು ಮೇಲಿನ ಶೇ. 15ರ ಪಕ್ಕದಲ್ಲಿಡುವಂತಿಲ್ಲ. ಒಂದರ ಛೇದದಲ್ಲಿ ನೋಂದಾಯಿತ ರೋಗಿಗಳು ಮಾತ್ರ, ಇನ್ನೊಂದರಲ್ಲಿ ಬಿ.ಪಿ. ಇರುವುದೇ ಗೊತ್ತಿಲ್ಲದವರೂ ಸೇರಿದ್ದಾರೆ. ಖಾಸಗಿ ವೈದ್ಯರ ಬಳಿ ಮಾತ್ರೆ ಬರೆಸಿಕೊಳ್ಳುವವರು ಮೊದಲನೆಯ ಲೆಕ್ಕಕ್ಕೆ ಬಹುಪಾಲು ಸಿಗುವುದಿಲ್ಲ.