ಸಮುದ್ರದ ಮೇಲೆ ಇಳಿಯೋ ವಿದ್ಯೆ: ನಾವು ಎರಡು ಸಲ ಕಲಿತದ್ದು

ಕೋಟೇಶ್ವರದಿಂದ ಮಾತಾಡ್ತಿದ್ದೇನೆ. ಇಲ್ಲಿಂದ ಹೆದ್ದಾರಿ 66 ಹಿಡಿದು ಉತ್ತರಕ್ಕೆ ಹೋದರೆ ಬೈಂದೂರು, ಭಟ್ಕಳ, ಕುಮಟಾ, ಅಂಕೋಲಾ ದಾಟಿ ಕಾರವಾರ. ಅಲ್ಲಿನ ಐಎನ್‌ಎಸ್ ಕದಂಬ ನೌಕಾನೆಲೆ ವಿಕ್ರಮಾದಿತ್ಯದ ಮನೆ. ಅದು 284 ಮೀಟರ್ ಉದ್ದದ ವಿಮಾನವಾಹಕ ಹಡಗು. ಅದರ ಯುದ್ಧವಿಮಾನಗಳೂ ಕಾರವಾರದಲ್ಲೇ ಇರ್ತವೆ ಅಂತ ನಾನು ಬಹಳ ದಿನ ತಿಳ್ಕೊಂಡಿದ್ದೆ. ತಪ್ಪು. ಹಡಗು ಕಾರವಾರದ್ದಾದರೂ ವಿಮಾನಗಳ ನೆಲೆ ಗೋವಾದ ದಾಬೋಲಿಂ, ಅಂದ್ರೆ ಐಎನ್‌ಎಸ್ ಹನ್ಸಾ. ಹಡಗು ಸಮುದ್ರಕ್ಕೆ ಹೋದ ಮೇಲೆ ಅವು ಗೋವಾದಿಂದ ಹಾರಿ ಬಂದು ಅದರ ಮೇಲೆ ಇಳೀಬೇಕು.

ಹಾಗೆ ಇಳಿಯೋದು ಹ್ಯಾಂಗೆ, ಅದನ್ನ ಕಲಿಯೋದು ಹ್ಯಾಂಗೆ ಅನ್ನೋದೇ ಇವತ್ತಿನ ಕಥೆ.

ಮೊದಲು ಲೆಕ್ಕ. 2023ರ ಫೆಬ್ರವರಿಯಲ್ಲಿ ಹೊಸ ವಿಕ್ರಾಂತದ ಮೇಲೆ ಬೆಂಗಳೂರಲ್ಲಿ ಹುಟ್ಟಿದ ಎಲ್‌ಸಿಎ ನೇವಿ ವಿಮಾನ ಇಳಿಯಿತು. ಗಂಟೆಗೆ ಸುಮಾರು 240 ಕಿ.ಮೀ. ವೇಗದಿಂದ ಸೊನ್ನೆಗೆ ಬರಲು ತಗೊಂಡದ್ದು ಎರಡೂವರೆ ಸೆಕೆಂಡ್. ವಿಮಾನದ ಬಾಲದ ಕೆಳಗೆ ಒಂದು ಕೊಕ್ಕೆ, ಡೆಕ್ಕಿನ ಮೇಲೆ ಅಡ್ಡಕ್ಕೆ ಮೂರು ಉಕ್ಕಿನ ಹಗ್ಗ. ಕೊಕ್ಕೆ ಒಂದಕ್ಕೆ ಸಿಕ್ಕಬೇಕು, ಅಷ್ಟೇ.

ಉಪಾಯ ಹಳೇದು. 1911ರ ಜನವರಿ 18ರಂದು ಯೂಜೀನ್ ಇಲೈ ಎಂಬ ಅಮೆರಿಕನ್ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ನಿಂತಿದ್ದ ಹಡಗಿನ ಮೇಲೆ ಮೊದಲ ಸಲ ಇಳಿದದ್ದೂ ಕೊಕ್ಕೆ ಮತ್ತು ಹಗ್ಗದಿಂದಲೇ. ಹಗ್ಗದ ಎರಡೂ ತುದಿಗೆ ಮರಳಿನ ಚೀಲ ಕಟ್ಟಿದ್ದರು. ಆದರೆ ಆ ಹಡಗು ನಿಂತಿತ್ತು. ಈಗಿನದು ಓಡ್ತಾ ಇರ್ತದೆ, ತೆರೆಗೆ ಏರಿಳಿತದೆ. ಮೇಲಿಂದ ಇಳಿಯೋ ಪಟ್ಟಿ ಎಡಕ್ಕೆ ಓರೆಯಾಗಿರೋದರಿಂದ, ಹಡಗು ಮುಂದೆ ಹೋದ ಹಾಗೆ ಆ ಪಟ್ಟಿ ಪೈಲಟ್ ಕಣ್ಣಿಗೆ ಬಲಕ್ಕೆ ಜಾರ್ತಾ ಹೋಗ್ತದೆ.

ಓರೆ ಯಾಕಪ್ಪ ಅಂದ್ರೆ, ಮೊದಲು ಡೆಕ್ಕು ನೇರ ಇತ್ತು, ಮುಂಭಾಗದಲ್ಲಿ ಬೇರೆ ವಿಮಾನ ನಿಲ್ಲಿಸಿರ್ತಿದ್ದರು. ಹಗ್ಗ ತಪ್ಪಿದವ ಅಡ್ಡ ಕಟ್ಟಿದ ಬಲೆಗೆ ಬೀಳ್ತಿದ್ದ, ಅದೂ ತಪ್ಪಿದರೆ ಆ ವಿಮಾನಗಳ ಮೇಲೆ. 1950ರ ದಶಕದ ಶುರುವಿನಲ್ಲಿ ಬ್ರಿಟಿಷರು ಪಟ್ಟಿಯನ್ನ ಓರೆ ಮಾಡಿದ ಮೇಲೆ, ತಪ್ಪಿದವನಿಗೆ ಎದುರಿಗೆ ಬರೀ ಸಮುದ್ರ. ಮತ್ತೆ ಹಾರಿ ಸುತ್ತು ಹಾಕ್ಕೊಂಡು ಬರಬಹುದು.

ಇಲ್ಲಿ ಒಂದು ವಿಚಿತ್ರ ಕಾಣಿ. ಚಕ್ರ ಡೆಕ್ಕಿಗೆ ತಾಗಿದ ಕೂಡಲೇ ಪೈಲಟ್ ಬ್ರೇಕ್ ಹಾಕುವುದಿಲ್ಲ, ಇಂಜಿನ್ ಫುಲ್ ಕೊಡ್ತಾನೆ! ಹಗ್ಗ ಸಿಕ್ಕಿದ್ದು ಗೊತ್ತಾಗುವ ತನಕ ಕಾದರೆ, ಸಿಕ್ಕದಿದ್ದಾಗ ಮತ್ತೆ ಹಾರಲು ವೇಗ ಉಳಿದಿರುವುದಿಲ್ಲ. ಗಂಗೊಳ್ಳಿ ಅಳಿವೆಯಲ್ಲಿ ಬೋಟು ಒಳಗೆ ತರುವ ತಾಂಡೇಲರಿಗೆ ಇದು ಅರ್ಥ ಆಗ್ತದೆ. ತೆರೆ ಬೆನ್ನಿಗೆ ಬಿದ್ದಾಗ ಹೆದರಿ ಇಂಜಿನ್ ಕಮ್ಮಿ ಮಾಡಿದರೆ ಬೋಟು ಕೈಗೆ ಸಿಗುವುದಿಲ್ಲ.

ಇನ್ನೊಂದು, ಡೆಕ್ಕನ್ನ ನೋಡ್ತಾ ಇಳಿಯಬಾರದು. ನೋಡಬೇಕಾದ್ದು ಪಕ್ಕದ ದೀಪ. ಅದು ಗುರುತಿನ ಸಾಲಿಗಿಂತ ಮೇಲೆ ಕಂಡರೆ ನೀನು ಎತ್ತರ ಇದ್ದಿ, ಕೆಳಗೆ ಕಂಡರೆ ತಗ್ಗಿದ್ದಿ ಅಂತ. ಇದರ ಮೂಲ ಬ್ರಿಟಿಷ್ ನೌಕಾಧಿಕಾರಿ ನಿಕೋಲಸ್ ಗುಡ್‌ಹಾರ್ಟ್ ಮಾಡಿದ ಕನ್ನಡಿ. ಆಫೀಸಿನ ಮೇಜಿನ ಮೇಲೆ ಒಂದು ಪುಟ್ಟ ಕನ್ನಡಿ, ಒಂದು ಲಿಪ್‌ಸ್ಟಿಕ್ ಇಟ್ಟು ಅವರು ಇದನ್ನ ತೋರಿಸಿಕೊಟ್ಟರು ಅಂತ ಕಥೆ ಇದೆ.

ನಾವು ಕಲಿತದ್ದು ಈ ಕಾಲಕ್ಕೆ. 1960ರ ಜುಲೈನಲ್ಲಿ ವೇಲ್ಸ್‌ನ ಬ್ರಾಡಿ ನೆಲೆಯಲ್ಲಿ ನಮ್ಮ ಸೀ ಹಾಕ್ ಜೆಟ್‌ಗಳ 300ನೇ ಸ್ಕ್ವಾಡ್ರನ್ ಶುರುವಾಯ್ತು. 1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ಮೊದಲ ವಿಕ್ರಾಂತ ನೌಕಾಪಡೆಗೆ ಸೇರಿತು. ಮೇ 18ಕ್ಕೆ ಲೆಫ್ಟಿನೆಂಟ್ ಆರ್.ಎಚ್. ತಹಿಲಿಯಾನಿ ಅದರ ಮೇಲೆ ಮೊದಲ ಜೆಟ್ ಇಳಿಸಿದರು. ಮುಂದೆ ಅವರೇ ನೌಕಾಪಡೆಯ ಮುಖ್ಯಸ್ಥರಾದರು.

1971ರ ಯುದ್ಧದಲ್ಲಿ ವಿಕ್ರಾಂತದ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು. ಹಡಗು ಜೋರು ಓಡದಿದ್ದರೆ ಡೆಕ್ಕಿನ ಮೇಲೆ ಎದುರು ಗಾಳಿ ಕಮ್ಮಿ, ಗಾಳಿ ಕಮ್ಮಿಯಾದರೆ ಹಾರೋದೂ ಇಳಿಯೋದೂ ಕಷ್ಟ. ಆದರೂ ಡಿಸೆಂಬರ್ 4ರಿಂದ ಸೀ ಹಾಕ್‌ಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿ ವಾಪಸ್ ಬಂದು ಅದೇ ಡೆಕ್ಕಿಗೆ ಇಳಿದವು.

ಆಮೇಲೆ ಏನಾಯ್ತು ಗೊತ್ತುಂಟಾ? ಈ ವಿದ್ಯೆ ನಮ್ಮ ಕೈ ಬಿಟ್ಟುಹೋಯ್ತು. 1980ರ ದಶಕದಲ್ಲಿ ಸೀ ಹ್ಯಾರಿಯರ್ ಬಂತು. ಅದಕ್ಕೆ ಕೊಕ್ಕೆಯೂ ಬೇಡ, ಹಗ್ಗವೂ ಬೇಡ, ಗಾಳಿಯಲ್ಲೇ ನಿಂತು ನೇರ ಕೆಳಗೆ ಇಳೀತದೆ. ವಿರಾಟದಲ್ಲಿ ಹಗ್ಗವೇ ಇರಲಿಲ್ಲ. ಹಗ್ಗ ಹಿಡಿದು ಇಳಿದವರು ಒಬ್ಬೊಬ್ಬರೇ ನಿವೃತ್ತಿಯಾದರು, ಹೊಸಬರಿಗೆ ಹೇಳಿಕೊಡುವ ಅಗತ್ಯವೇ ಬರಲಿಲ್ಲ. ಯಾರದ್ದೂ ತಪ್ಪಲ್ಲ. 2013ರ ನವೆಂಬರ್ 16ರಂದು ರಷ್ಯಾದಲ್ಲಿ ವಿಕ್ರಮಾದಿತ್ಯ ನಮ್ಮದಾಗುವ ಹೊತ್ತಿಗೆ ಎರಡು ದಶಕಕ್ಕೂ ಮೀರಿದ ಖಾಲಿ ಜಾಗ. ಮಿಗ್-29ಕೆಗೆ ಬೇಕಾದ್ದು ಅದೇ ಹಳೆ ಕೊಕ್ಕೆ ವಿದ್ಯೆ!

ಹಾಗಾಗಿ ಎರಡನೇ ಸಲ ಮೊದಲಿಂದ ಕಲಿಕೆ. ಕೆಲವರು ಅಮೆರಿಕಕ್ಕೆ ಹೋದರು. ಅಲ್ಲಿ ಟಿ-45 ತರಬೇತಿ ವಿಮಾನದಲ್ಲಿ ನೆಲದ ರನ್‌ವೇ ಮೇಲೆ ಬರೆದ ಡೆಕ್ಕಿಗೆ ಮತ್ತೆ ಮತ್ತೆ ಇಳಿಸ್ತಾರೆ, ಪಕ್ಕದಲ್ಲಿ ನಿಂತ ಅಧಿಕಾರಿ ಪ್ರತಿ ಇಳಿತಕ್ಕೂ ಮಾರ್ಕು ಹಾಕ್ತಾರೆ. ನಿಜವಾದ ಹಡಗಿನ ಮೇಲೆ ಮೊದಲ ಸಲ ಇಳಿಯುವಾಗ ಹಿಂದಿನ ಸೀಟು ಖಾಲಿ, ಗುರು ಇರುವುದಿಲ್ಲ. ಇತ್ತ ನಾವು ಹನ್ಸಾದಲ್ಲೇ ನೆಲದ ಮೇಲೆ ಒಂದು ಡೆಕ್ಕು ಕಟ್ಟಿದೆವು. ತುದಿಯಲ್ಲಿ ಮೇಲಕ್ಕೆ ಬಾಗಿದ ಸ್ಕೀ ಜಂಪ್, ಇಳಿಯಲು ಹಗ್ಗಗಳು, ದೀಪ, ಎಲ್ಲಾ ಇದೆ. ಸಮುದ್ರ ಒಂದು ಇಲ್ಲ.

ಎಲ್‌ಸಿಎ ನೇವಿ ಪಾಠ ಕಲಿತದ್ದೂ ಇಲ್ಲೇ. 2014ರ ಡಿಸೆಂಬರ್ 20ಕ್ಕೆ ಆ ಸ್ಕೀ ಜಂಪ್‌ನಿಂದ ಹಾರಿತು. ಎರಡು ವರ್ಷದ ನಂತರ ನೌಕಾಪಡೆಯೇ, ಈ ವಿಮಾನ ಭಾರ ಜಾಸ್ತಿ, ಹಡಗಿಗೆ ಆಗುವುದಿಲ್ಲ ಅಂದಿತು. ಆದರೂ ಪರೀಕ್ಷೆ ನಿಲ್ಲಲಿಲ್ಲ. 2019ರ ಸೆಪ್ಟೆಂಬರ್ 13ಕ್ಕೆ ಗೋವಾದ ನೆಲದಲ್ಲಿ ಹಗ್ಗ ಹಿಡಿಯಿತು. 2020ರ ಜನವರಿ 11ಕ್ಕೆ ಕಮೊಡೋರ್ ಜೈದೀಪ್ ಮಾವಲಂಕರ್ ಅದನ್ನ ವಿಕ್ರಮಾದಿತ್ಯದ ಮೇಲೆ ಇಳಿಸಿ, ಮರುದಿನ ಅಲ್ಲಿಂದಲೇ ಹಾರಿಸಿದರು. ಸೇವೆಗೆ ಸೇರದ ವಿಮಾನಕ್ಕೆ ಇಷ್ಟೆಲ್ಲಾ ಖರ್ಚು ಯಾಕೆ ಅಂತ ನನ್ನ ಬಿಕಾಂ ತಲೆ ಕೇಳ್ತದೆ. ಆದರೆ ಮುಂದಿನ ಎರಡು ಇಂಜಿನ್‌ನ ವಿಮಾನ ಮಾಡುವವರಿಗೆ ಈ ಇಳಿತದ ಅನುಭವ ಅಂಗಡಿಯಲ್ಲಿ ಸಿಗ್ತಿರಲಿಲ್ಲ.

ಅದೇ ವರ್ಷ ನವೆಂಬರ್ 26ರಂದು ತರಬೇತಿ ಹಾರಾಟದಲ್ಲಿದ್ದ ಮಿಗ್-29ಕೆ ಅರಬ್ಬೀ ಸಮುದ್ರಕ್ಕೆ ಬಿತ್ತು. ಒಬ್ಬ ಪೈಲಟ್ ಉಳಿದರು, ಕಮಾಂಡರ್ ನಿಶಾಂತ್ ಸಿಂಗ್ ಉಳಿಯಲಿಲ್ಲ. ಎಲ್ಲಾ ಕಲಿತವರು, ಕಲಿಸುವವರು ಇದ್ದ ವಿಮಾನ ಅದು.

ಈಗ 2025ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಜತೆ 26 ರಫೇಲ್ ವಿಮಾನಗಳಿಗೆ ಸಹಿ ಆಗಿದೆ. 22 ಒಂಟಿ ಸೀಟಿನವು, ಹಡಗಿಗೆ. ಉಳಿದ ನಾಲ್ಕು ಜೋಡಿ ಸೀಟಿನವು, ತರಬೇತಿಗೆ. ಆದರೆ ಆ ನಾಲ್ಕು ಹಡಗಿನ ಮೇಲೆ ಇಳಿಯುವಂಥವಲ್ಲ. ಗುರುವಿನ ಜತೆ ಕಲಿಯೋದೆಲ್ಲ ದಡದಲ್ಲೇ. ಕಾರವಾರದಿಂದ ಹೊರಟ ಡೆಕ್ಕಿನ ಮೇಲೆ ಮೊದಲ ಸಲ ರಫೇಲ್ ಇಳಿಸುವ ಹುಡುಗನೋ ಹುಡುಗಿಯೋ ಕಾಕ್‌ಪಿಟ್‌ನಲ್ಲಿ ಒಬ್ಬರೇ ಇರ್ತಾರೆ.