ಮೊಳೆಯೋ ಚಿನ್ನವೋ: ಪಲ್ಸ್ ಇಂಡಕ್ಷನ್ ಡಿಟೆಕ್ಟರ್ ಎಷ್ಟು ಹೇಳಬಲ್ಲದು?

ಪಲ್ಸ್ ಇಂಡಕ್ಷನ್ ಮೆಟಲ್ ಡಿಟೆಕ್ಟರ್ ಆಳದಲ್ಲಿರುವುದನ್ನು ಹಿಡಿಯುತ್ತದೆ, ಆದರೆ ಮೊಳೆ ಯಾವುದು ಚಿನ್ನ ಯಾವುದು ಎಂದು ಹೇಳುವುದಿಲ್ಲ ಎಂಬ ಮಾತು ಬಹಳ ಹಳೆಯದು. ಈ ಕ್ಷೇತ್ರ ನಡೆದುಬಂದ ದಾರಿಯನ್ನು ನೋಡಿದರೆ ಅದು ಅರ್ಧ ನಿಜ ಅನ್ನಿಸುತ್ತದೆ. ಒಂದೇ ಕಾಯಿಲ್ ಹಿಡಿದು, ಕಿವಿಯನ್ನಷ್ಟೇ ನಂಬಿ ಹುಡುಕುವವರ ಮಟ್ಟಿಗೆ ಅದು ಇಂದಿಗೂ ಸರಿ. ಬಾಂಬ್ ತೆರವಿನವರು ಮಾತ್ರ ಅದನ್ನು ಎಂದೋ ದಾಟಿ ಹೋಗಿದ್ದಾರೆ.

ತಂತ್ರ ಸರಳವಾದದ್ದು. ಕಾಯಿಲ್‌ನಲ್ಲಿ ವಿದ್ಯುತ್ ಹರಿಸಿ ಥಟ್ಟನೆ ನಿಲ್ಲಿಸಿದರೆ ನೆಲದೊಳಗಿನ ಲೋಹದಲ್ಲಿ ಸುಳಿವಿದ್ಯುತ್ ಏಳುತ್ತದೆ, ಎದ್ದದ್ದು ಕ್ರಮೇಣ ಅಡಗುತ್ತದೆ. ಕಾಯಿಲ್‌ನ ಸ್ವಂತ ಗದ್ದಲ ಇಳಿಯಲೆಂದು 10–15 ಮೈಕ್ರೋಸೆಕೆಂಡು ಕಾದು, ಆ ಅಡಗುವ ವೇಗವನ್ನು ಅಳೆಯುತ್ತಾರೆ. 1960ರ ದಶಕದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಪುರಾತತ್ತ್ವ ಪ್ರಯೋಗಾಲಯದಲ್ಲಿ ಕೊಲಾನಿ ಎಂಬ ಸಂಶೋಧಕರು ಇಂಥ ಉಪಕರಣವನ್ನು ಉತ್ಖನನಕ್ಕೆ ತಂದರು. 1966ರಲ್ಲಿ ಅವರೂ ಮಾರ್ಟಿನ್ ಏಟ್ಕಿನ್ ಅವರೂ ಮಣ್ಣಿನ ಕಾಂತೀಯ ಜಿಗುಟುತನವನ್ನೇ (ಪಲ್ಸ್ ನಿಂತ ಮೇಲೂ ಮಣ್ಣಿನ ಕಾಂತೀಯತೆ ನಿಧಾನವಾಗಿ ಅಡಗುವ ಗುಣ) ಬಳಸಿ ಹೂತುಹೋದ ಹಳ್ಳಗಳನ್ನು ಪತ್ತೆ ಮಾಡಬಹುದೆಂದು ಬರೆದರು. ಮುಂದೆ ಚಿನ್ನ ಹುಡುಕುವವರನ್ನೂ ನೆಲಬಾಂಬು ತೆಗೆಯುವವರನ್ನೂ ಗೋಳು ಹೊಯ್ದುಕೊಂಡದ್ದು ಇದೇ ಗುಣ. ನಮ್ಮ ಕರಾವಳಿಯ ಮುರಕಲ್ಲಿನ ಜಾತಿಯ ಕೆಂಪು ಲ್ಯಾಟರೈಟ್ ಮಣ್ಣಿನಲ್ಲಿ ಲೋಹವೇ ಇಲ್ಲದಿದ್ದರೂ ಡಿಟೆಕ್ಟರ್ ಕೂಗಬಹುದು.

ಲೋಹಗಳನ್ನು ಬೇರ್ಪಡಿಸುವುದು ಯಾಕೆ ಕಷ್ಟ ಎನ್ನುವುದಕ್ಕೆ ಒಂದು ಲೆಕ್ಕ ಸಾಕು. 1 ಸೆಂಟಿಮೀಟರ್ ವ್ಯಾಸದ ಶುದ್ಧ ಚಿನ್ನದ ಗುಂಡಿನಲ್ಲಿ ಸುಳಿವಿದ್ಯುತ್ ಎಷ್ಟು ನಿಧಾನವಾಗಿ ಇಳಿಯುತ್ತದೆ ಎಂದು ಹೇಳುವ ಕಾಲಾಂಕ ಸುಮಾರು 130 ಮೈಕ್ರೋಸೆಕೆಂಡು. ಅಲ್ಯುಮಿನಿಯಂ ವಿದ್ಯುತ್ತನ್ನು ಚಿನ್ನಕ್ಕಿಂತ ತುಸು ಕಡಿಮೆ ಹರಿಸುತ್ತದೆ ನಿಜ, ಆದರೆ ಗುಂಡನ್ನು 1.04 ಸೆಂಟಿಮೀಟರಿಗೆ ಹಿಗ್ಗಿಸಿದರೆ ಅದೇ ಕಾಲಾಂಕ ಬರುತ್ತದೆ. ಚಿನ್ನದ ಗುಂಡಿನ ವ್ಯಾಸ ಅರ್ಧವಾದರೆ ಅದರ ಕಾಲಾಂಕ ಕಾಲುಭಾಗಕ್ಕೆ ಇಳಿಯುತ್ತದೆ. ಅಂದರೆ ಗಾತ್ರ, ದಪ್ಪ, ವಾಹಕತೆ ಎಲ್ಲವೂ ಒಂದೇ ಅಂಕಿಯಲ್ಲಿ ಬೆರೆತುಹೋಗಿರುತ್ತವೆ. ಕಬ್ಬಿಣದಲ್ಲಿ ಕಾಂತೀಯತೆಯೂ ಇದಕ್ಕೆ ಸೇರಿ ಕಾಲಾಂಕವನ್ನು ಎಳೆಯುತ್ತದೆ. ಹಾಗಾಗಿ ಮೊಳೆಯೊಂದು ಒಳ್ಳೆಯ ಬೆಳ್ಳಿ ನಾಣ್ಯದ ಹಾಗೆ ಕೇಳಿಸಿದರೆ ಅದು ಉಪಕರಣದ ದೋಷವಲ್ಲ, ಭೌತವಿಜ್ಞಾನವೇ ಹಾಗಿದೆ. ನಿರಂತರ ತರಂಗದ ಡಿಟೆಕ್ಟರ್‌ಗಳು ಕಬ್ಬಿಣದ ಕಾಂತೀಯ ಉತ್ತರವನ್ನು ಬೇರೆಯಾಗಿ ನೋಡಬಲ್ಲವು. ಪಲ್ಸ್ ನಿಂತ ಮೇಲೆ ಕೇಳುವ ಯಂತ್ರಕ್ಕೆ ಆ ಸುಳಿವು ನೇರವಾಗಿ ಸಿಗುವುದಿಲ್ಲ.

ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ಕಂಪನಿ 1995ರಲ್ಲಿ ಎಸ್‌ಡಿ 2000 ತಂದಾಗ ಗುರಿ ಇದ್ದದ್ದು ಮಣ್ಣನ್ನು ಗೆಲ್ಲುವುದು. ಬ್ರೂಸ್ ಕ್ಯಾಂಡಿ ಅವರ ವಿನ್ಯಾಸ ಉದ್ದ-ಗಿಡ್ಡ ಪಲ್ಸ್‌ಗಳನ್ನು ಬೆರೆಸಿ ನೆಲದ ಸಿಗ್ನಲ್ ಅಳಿಸಿತು. ಚಿನ್ನ ಹುಡುಕುವವರಿಗೆ ಅದು ದೊಡ್ಡ ನೆಗೆತ. ಇಂಥ ಅಳಿಸುವಿಕೆಗೆ ಬೆಲೆಯೂ ಇದೆ. ಪಲ್ಸ್ ನಿಂತ ಮೇಲೆ ಮೊದಲು ತೆಗೆದ ಅಳತೆಯಿಂದ ನಂತರದ ಅಳತೆಯನ್ನು ತೂಗಿ ಕಳೆದರೆ ಮಣ್ಣು ಮಾಯವಾಗುತ್ತದೆ. ಮಣ್ಣಿನಂತೆಯೇ ಇಳಿಯುವ ಲೋಹವೂ ಅದರ ಜೊತೆಗೇ ಮಾಯವಾಗುತ್ತದೆ. ಅದಕ್ಕಿಂತ ಬೇಗ ಇಳಿಯುವ ವಸ್ತುಗಳೂ ನಿಧಾನವಾಗಿ ಇಳಿಯುವ ವಸ್ತುಗಳೂ ಎದುರುಬದುರು ಸಿಗ್ನಲ್ ಕೊಡುತ್ತವೆ. ವೈಟ್ಸ್ ಕಂಪನಿಯ ಟಿಡಿಐ ಇದನ್ನೇ ಬಳಸಿ 'ಕಡಿಮೆ', 'ಎಲ್ಲ', 'ಹೆಚ್ಚು' ಎಂಬ ವಾಹಕತೆಯ ಸ್ವಿಚ್ ಇಟ್ಟಿತು. 'ಕಡಿಮೆ'ಗೆ ತಿರುಗಿಸಿದರೆ ಬಹಳಷ್ಟು ಮೊಳೆಗಳು ಸುಮ್ಮನಾಗುತ್ತವೆ, ಅವುಗಳ ಜೊತೆಗೆ ದೊಡ್ಡ ಚಿನ್ನದ ಗಟ್ಟಿಯೂ ಸುಮ್ಮನಾಗುತ್ತದೆ! ಮೈನ್‌ಲ್ಯಾಬ್‌ನ ಜಿಪಿಎಕ್ಸ್ ಸರಣಿಯ ಕಬ್ಬಿಣ ತಳ್ಳುವ ಸೌಲಭ್ಯಕ್ಕೆ ಕಳಿಸಲು ಒಂದು, ಕೇಳಲು ಇನ್ನೊಂದು ಸುರುಳಿ ಇರುವ ಡಬಲ್-ಡಿ ಕಾಯಿಲ್ ಬೇಕು, ಅದನ್ನು ನಂಬಬಹುದಾದದ್ದು ಮೇಲ್ಪದರದ ಗಟ್ಟಿ ಸಿಗ್ನಲ್‌ಗಳಿಗೆ ಮಾತ್ರ. ಇದನ್ನು ಲೋಹ ಗುರುತಿಸುವುದು ಎಂದು ಕರೆಯುವುದು ನನ್ನ ಮಟ್ಟಿಗೆ ಅತಿಯಾಯಿತು.

ನಿಜವಾದ ಬದಲಾವಣೆ ಬಂದದ್ದು ಅಮೆರಿಕದ ಹಳೆಯ ಸೇನಾ ಅಭ್ಯಾಸದ ಬಯಲುಗಳಲ್ಲಿ. ಸಿಡಿಯದೆ ಉಳಿದ ಗುಂಡುಗಳನ್ನು ತೆಗೆಯುವಾಗ ಖರ್ಚಿನ ದೊಡ್ಡ ಪಾಲು ಬರೀ ಚೂರುಕಬ್ಬಿಣ ಅಗೆಯುವುದಕ್ಕೇ ಹೋಗುತ್ತಿತ್ತು. ಕೆನಡಾದ ಜಿಯೋನಿಕ್ಸ್‌ನ ಇಎಂ61-ಎಂಕೆ2 ಉಪಕರಣ 216, 366, 660, 1266 ಮೈಕ್ರೋಸೆಕೆಂಡುಗಳಲ್ಲಿ ನಾಲ್ಕು ಅಳತೆ ತೆಗೆದುಕೊಳ್ಳುತ್ತದೆ. ಲೋಹ ಎಲ್ಲಿದೆ ಎಂದು ತಿಳಿಯಲು ಅಷ್ಟು ಸಾಕು, ಯಾವುದೆಂದು ತಿಳಿಯಲು ಸಾಲದು. ಲೋಹವನ್ನು ಒಂದೇ ದಿಕ್ಕಿನಿಂದ ಕೆಣಕಿದರೆ ಸಾಲದೆಂದು ಮೆಟಲ್‌ಮ್ಯಾಪರ್ ಎಂಬ ಉಪಕರಣದಲ್ಲಿ ಪರಸ್ಪರ ಲಂಬವಾದ ಮೂರು ಪ್ರೇಷಕ ಕಾಯಿಲ್‌ಗಳನ್ನೂ ಏಳು ತ್ರಿ-ಅಕ್ಷೀಯ ಗ್ರಾಹಕಗಳನ್ನೂ ಇಟ್ಟರು. ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ಟೆಮ್‌ಟಾಡ್ಸ್ ಉಪಕರಣದಲ್ಲಿ 5×5 ಸಾಲಿನ ಕಾಯಿಲ್‌ಗಳಿದ್ದವು. ಈ ಅಳತೆಗಳಿಂದ ವಸ್ತುವಿನ ಮೂರು ಅಕ್ಷಗಳ ಪ್ರತಿಕ್ರಿಯೆಯನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿ ಮೂರು ಗೆರೆಗಳಾಗಿ ಎಳೆಯಬಹುದು. ಮಾರ್ಟರ್ ಗುಂಡು ಉರುಟಾಗಿ ಉದ್ದಕ್ಕಿರುವುದರಿಂದ ಒಂದು ಅಕ್ಷದ ಗೆರೆ ದೊಡ್ಡದು, ಉಳಿದೆರಡು ಒಂದರ ಮೇಲೊಂದು ಕೂರುತ್ತವೆ. ಸಿಡಿದ ಚೂರಿನಲ್ಲಿ ಮೂರೂ ಗೆರೆಗಳು ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತವೆ. ಅಲಬಾಮಾದ ಕ್ಯಾಂಪ್ ಸೈಬರ್ಟ್‌ನಲ್ಲಿ 2007ರಲ್ಲಿ 4.2 ಇಂಚಿನ ಮಾರ್ಟರ್ ಗುಂಡುಗಳ ಮೇಲೆ ವರ್ಗೀಕರಣದ ಪ್ರಯೋಗ ನಡೆಯಿತು. 2009ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ ಹಲವು ಬಗೆಯ ಗುಂಡುಗಳಿದ್ದ ಇನ್ನೂ ಕಠಿಣ ಪರೀಕ್ಷೆಯಾಯಿತು. ಅಗೆಯದೆ ಬಿಡಬಹುದಾದ ಲೋಹವನ್ನು ಪಟ್ಟಿಯಿಂದ ಧೈರ್ಯವಾಗಿ ತೆಗೆದುಹಾಕುವ ವಿಧಾನ ಹೀಗೆ ಬಂತು.

ಆದರೆ ಇದು ದೊಡ್ಡ ಗುಂಡುಗಳ ಮಾತು. ಪ್ಲಾಸ್ಟಿಕ್ ಕವಚದ ನೆಲಬಾಂಬಿನಲ್ಲಿ ಲೋಹ ಎನ್ನುವುದು ಒಂದು ಸಣ್ಣ ಪಿನ್ನಿನಷ್ಟು ಇರಬಹುದು. ಅದರ ಉತ್ತರಕ್ಕೂ ತಂತಿಯ ತುಂಡಿನ ಉತ್ತರಕ್ಕೂ ಭೇದ ಕಾಣುವುದು ಕಷ್ಟ. ಆದ್ದರಿಂದ ಜರ್ಮನಿಯ ವ್ಯಾಲನ್ ಕಂಪನಿಯ ಮೈನ್‌ಹೌಂಡ್‌ನಂಥ ಕೈಯುಪಕರಣಗಳಲ್ಲಿ ಲೋಹಶೋಧಕದ ಜೊತೆಗೆ ನೆಲ ಭೇದಿಸುವ ರೇಡಾರ್ ಇರುತ್ತದೆ. ಪಿನ್ ಸಿಕ್ಕಿದ ಜಾಗದಲ್ಲಿ ಬಾಂಬಿನ ಗಾತ್ರದ ವಸ್ತು ಇದೆಯೇ ಎಂದು ರೇಡಾರ್ ನೋಡುತ್ತದೆ, ಇದ್ದರೆ ತೆರವಿನವರು ಅಲ್ಲಿ ಅಗೆಯುತ್ತಾರೆ.